ಗಂಗಾಮೂಲದಿಂದ ಹೊರಟ ರಮಾಬಾಯಿ

ನಮ್ಮೂರು ಪಂಚನಹಳ್ಳಿ, ಕಡೂರು ತಾಲ್ಲೂಕು. ಹಾಸ್ಟೆಲ್‌ನಲ್ಲಿ ಯಾರಾದ್ರೂ ಯಾವ ಜಿಲ್ಲೆ ಅಂತ ಕೇಳಿದಾಗ ಚಿಕ್ಕಮಗಳೂರು ಅಂದ್ರೆ ಸಾಕು, ಕಾಫಿ ತೋಟ ಎಷ್ಟು ಎಕರೆ, ಮುಳ್ಳಯ್ಯನಗಿರಿ ನಿಮ್ಮನೆಯಿಂದ ಎಷ್ಟು ದೂರ ಅಂತ ಶುರು ಮಾಡ್ತಾರೆ. ನಮ್ಮ ಕಡೆ ಇರೋದು ರಾಗಿ, ತೆಂಗು, ಮಳೆಗಾಗಿ ಕಾಯುವ ಕೆರೆ ಅಂತ ಎಷ್ಟು ಸಲ ಹೇಳಿದ್ರೂ ನಂಬಲ್ಲ. ಅದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಕುದುರೆಮುಖದ ಕಾಡಿನೊಳಗೆ, ಗಂಗಾಮೂಲ ಅನ್ನೋ ಜಾಗ ಇದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಅಲ್ಲೇ ಅಂತ ಪ್ರೈಮರಿ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೀವಿ. ಆ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ಒಂದು ಹೆಣ್ಣುಮಗು ಹುಟ್ಟಿತು ಅನ್ನೋದನ್ನು ಮಾತ್ರ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಮಗುವೇ ಪಂಡಿತಾ ರಮಾಬಾಯಿ. ಅವರನ್ನು ಮಹಾರಾಷ್ಟ್ರದವರು ಅಂತ ಎಲ್ಲರೂ ಲೆಕ್ಕಕ್ಕೆ ಹಿಡಿಯುತ್ತಾರೆ. ತಪ್ಪೇನಲ್ಲ, ಬದುಕಿನ ಹೆಚ್ಚಿನ ಕೆಲಸ ಅಲ್ಲೇ ನಡೆದದ್ದು. ಆದ್ರೆ ಕಥೆಯ ಬೇರು ಇರೋದು ನಮ್ಮ ಕಡೆ. ಆ ಬೇರಿನಲ್ಲಿ ಮೂರು ಮದುವೆಗಳಿವೆ: ಅಮ್ಮನದು, ಅಕ್ಕನದು, ಅವರದೇ. ಈ ಮೂರನ್ನು ಅರ್ಥ ಮಾಡಿಕೊಂಡರೆ ರಮಾಬಾಯಿ ಮುಂದೆ ಯಾಕೆ ಯಾರ ಮಾತಿಗೂ ತಲೆಬಾಗಲಿಲ್ಲ ಅನ್ನೋದು ಗೊತ್ತಾಗುತ್ತೆ.

ಅಮ್ಮನ ಮದುವೆ

ರಮಾಬಾಯಿಯ ಅಪ್ಪ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳ ಊರಿನವರು, ಚಿತ್ಪಾವನ ಬ್ರಾಹ್ಮಣರು. ಓದಲು ಪುಣೆಗೆ ಹೋಗಿದ್ದಾಗ ಅವರ ಗುರುಗಳು ಪೇಶ್ವೆ ಬಾಜಿರಾಯನ ಅರಮನೆಯಲ್ಲಿ ಪಾಠ ಹೇಳುತ್ತಿದ್ದರು. ಅಲ್ಲಿ ಪೇಶ್ವೆಯ ಹೆಂಡತಿ ಸಂಸ್ಕೃತ ಶ್ಲೋಕ ಓದುವುದನ್ನು ಕೇಳಿ ಈ ಹುಡುಗನಿಗೆ ಆಶ್ಚರ್ಯವೋ ಆಶ್ಚರ್ಯ. ಹೆಂಗಸರು ಸಂಸ್ಕೃತ ಕಲಿಯಬಾರದು ಅಂತ ತಾನೇ ಊರಲ್ಲಿ ಕೇಳಿ ಬೆಳೆದಿದ್ದು? ತನ್ನ ಹೆಂಡತಿಗೂ ಕಲಿಸಬೇಕು ಅಂತ ಅವತ್ತೇ ನಿಶ್ಚಯ ಮಾಡಿದರು. ಊರಿಗೆ ಬಂದು ಮೊದಲ ಹೆಂಡತಿಗೆ ಪಾಠ ಶುರು ಮಾಡಲು ನೋಡಿದರೆ ಮನೆಯವರು ಬಿಡಲಿಲ್ಲ, ಆಕೆಗೂ ಮನಸ್ಸಿರಲಿಲ್ಲ.

ಆ ಹೆಂಡತಿ ತೀರಿಕೊಂಡ ಮೇಲೆ ಶಾಸ್ತ್ರಿಗಳು ಒಮ್ಮೆ ಯಾತ್ರೆ ಹೋಗಿದ್ದರು. ಗೋದಾವರಿಯಲ್ಲಿ ಸ್ನಾನಕ್ಕಿಳಿದಾಗ ಇನ್ನೊಬ್ಬ ಯಾತ್ರಿಕ ಮಾತಿಗೆ ಸಿಕ್ಕ. ಆತನ ಜೊತೆ ಹೆಂಡತಿ, ಇಬ್ಬರು ಸಣ್ಣ ಹೆಣ್ಣುಮಕ್ಕಳು. ಊರು, ಗೋತ್ರ, ಕುಲ ವಿಚಾರಿಸಿ, ಹೆಂಡತಿ ಇಲ್ಲ ಅಂತ ತಿಳಿದುಕೊಂಡು, ಒಂಬತ್ತು ವರ್ಷದ ಮಗಳನ್ನು ಕೊಡುವ ಮಾತಾಡಿದ. ಮಾರನೇ ದಿನ ಮದುವೆ! ಗಂಡಿಗೆ ನಲವತ್ತು ದಾಟಿತ್ತು. ತಂದೆತಾಯಿ ತಮ್ಮ ಯಾತ್ರೆ ಮುಂದುವರಿಸಿ ಹೊರಟು ಹೋದರು. ಆ ಮಗು ಮುಖ ಪರಿಚಯವೇ ಇಲ್ಲದ ಮನುಷ್ಯನ ಜೊತೆ ನೂರಾರು ಮೈಲಿ ದೂರದ ಮಾಳಕ್ಕೆ ಬಂತು. ನಾವು ಫ್ರಿಜ್ ಕೊಳ್ಳುವಾಗ ಇದಕ್ಕಿಂತ ಜಾಸ್ತಿ ವಿಚಾರಿಸ್ತೀವಿ.

ಅದೃಷ್ಟಕ್ಕೆ ಗಂಡ ಒಳ್ಳೆಯವರು ಸಿಕ್ಕಿದರು. ಆ ಹುಡುಗಿ, ಲಕ್ಷ್ಮೀಬಾಯಿ, ಸಂಸ್ಕೃತ ಕಲಿತಳು. ಮಾಳದಲ್ಲಿ ಗದ್ದಲವಾಯಿತು. ವಿಚಾರ ಉಡುಪಿಯ ಪಂಡಿತರ ಸಭೆಯವರೆಗೂ ಹೋಯಿತು. ಶಾಸ್ತ್ರಿಗಳು ಗ್ರಂಥಗಳಿಂದಲೇ ಆಧಾರ ತೆಗೆದು ತೋರಿಸಿ, ಸ್ತ್ರೀಯರು ಓದುವುದು ಧರ್ಮಕ್ಕೆ ವಿರೋಧವಲ್ಲ ಅಂತ ವಾದಿಸಿ ಸಭೆಯನ್ನು ಒಪ್ಪಿಸಿದರು. ಅಷ್ಟಾದರೂ ಊರಿನ ಗಲಾಟೆ ಸಾಕಾಗಿ ಹೆಂಡತಿಯನ್ನು ಕರೆದುಕೊಂಡು ಘಟ್ಟ ಹತ್ತಿದರು. ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿ, ವಿದ್ಯಾರ್ಥಿಗಳಿಗೆ ಊಟ ಹಾಕಿ ಪಾಠ ಹೇಳಿದರು. ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಉಳಿದವರು ಮೂವರು: ಕೃಷ್ಣಾಬಾಯಿ, ಶ್ರೀನಿವಾಸ, ಕೊನೆಯವಳು ರಮಾ.

ಬಂದವರಿಗೆಲ್ಲ ಊಟ ಹಾಕಿ ಹಾಕಿ ಆಸ್ತಿ ಕರಗಿತು. ರಮಾಗೆ ಆರು ತಿಂಗಳಾಗಿದ್ದಾಗ ಕುಟುಂಬ ಕಾಡು ಬಿಟ್ಟು ಹೊರಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರಂತೆ. ಆಮೇಲೆ ಹದಿನೈದು ವರ್ಷ ಅವರಿಗೆ ಮನೆ ಅಂತ ಒಂದಿರಲಿಲ್ಲ. ದೇವಸ್ಥಾನದ ಅಂಗಳ, ನದಿಯ ದಡ, ಛತ್ರ, ಎಲ್ಲಿ ಜನ ಸೇರುತ್ತಾರೋ ಅಲ್ಲಿ ಕೂತು ಪುರಾಣ ಓದುವುದು, ಕೊಟ್ಟ ಕಾಣಿಕೆಯಲ್ಲಿ ಬದುಕುವುದು. ಅಪ್ಪನಿಗೆ ವಯಸ್ಸಾಗಿ ಕಣ್ಣು ಮಂಜಾಗಿತ್ತು, ಹಾಗಾಗಿ ರಮಾಗೆ ಪಾಠ ಹೇಳಿದ್ದು ಅಮ್ಮ. ಬೆಳಗಿನ ಜಾವ ನಿದ್ದೆಗಣ್ಣಲ್ಲಿದ್ದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಬ್ಬಿಸಿ ಶ್ಲೋಕ ಹೇಳಿಸುತ್ತಿದ್ದರು. ಹದಿನೈದರ ಹೊತ್ತಿಗೆ ಹುಡುಗಿಗೆ ಸಾವಿರಾರು ಭಾಗವತ ಶ್ಲೋಕ ಬಾಯಲ್ಲಿತ್ತು.

ಅಕ್ಕನ ಮದುವೆ

ಶಾಸ್ತ್ರಿಗಳು ಎಷ್ಟೇ ಸುಧಾರಕರಾದ್ರೂ ದೊಡ್ಡ ಮಗಳಿಗೆ ಚಿಕ್ಕ ವಯಸ್ಸಲ್ಲೇ ಮದುವೆ ಮಾಡಿದರು. ಒಂದು ಷರತ್ತು ಹಾಕಿದ್ದರು: ಅಳಿಯ ತಮ್ಮ ಜೊತೆಗೇ ಇದ್ದು ಓದಬೇಕು. ಮದುವೆ ಮುಗಿದದ್ದೇ ತಡ, ಹುಡುಗನ ತಾಯಿ ಒಪ್ಪಂದ ಮರೆತು ಅವನನ್ನು ಮನೆಗೆ ಕರೆದುಕೊಂಡು ಹೋದಳು. ಅವನು ಓದಲಿಲ್ಲ, ದುಡಿಯಲಿಲ್ಲ. ಇತ್ತ ಹುಡುಗಿ ಓದಿ ಬುದ್ಧಿವಂತೆಯಾದಳು. ವರ್ಷಗಳಾದ ಮೇಲೆ ಹೆಂಡತಿಯನ್ನು ಕಳಿಸಿ ಅಂತ ಬಂದ. ಅಪ್ಪ ಅಮ್ಮ ಕಳಿಸಲಿಲ್ಲ, ಅವಳೂ ಹೋಗಲು ಒಪ್ಪಲಿಲ್ಲ. ಸಂಪ್ರದಾಯಸ್ಥರು ಚಂದಾ ಎತ್ತಿ ಅವನ ಕೈಯಲ್ಲಿ ಕೇಸು ಹಾಕಿಸಿದರು. ಬ್ರಿಟಿಷ್ ಕೋರ್ಟು ಹಿಂದೂ ಶಾಸ್ತ್ರದ ಪ್ರಕಾರ ನೋಡಿ ಗಂಡನ ಪರವಾಗಿ ತೀರ್ಪು ಕೊಟ್ಟಿತು. ಆದರೆ ಅದಾಗಿ ಸ್ವಲ್ಪ ದಿನಕ್ಕೇ ಹುಡುಗಿ ಕಾಲರಾದಲ್ಲಿ ತೀರಿಕೊಂಡಳು.

ಮುಂದೆ ಈ ಘಟನೆಯನ್ನು ರಮಾಬಾಯಿ ತಮ್ಮ ಪುಸ್ತಕದಲ್ಲಿ ಬರೆದಾಗ ಹತ್ತಿರದ ಸಂಬಂಧಿ ಅಂತ ಮಾತ್ರ ಹೇಳಿದರು. ಚರಿತ್ರಕಾರರು ಅದು ಅಕ್ಕ ಕೃಷ್ಣಾಬಾಯಿಯ ಕಥೆ ಅಂತ ಗುರುತಿಸಿದ್ದಾರೆ. ಕಾಲರಾ ಬಂದದ್ದೇ ಆಕೆಗೆ ಬಿಡುಗಡೆ ಅನ್ನೋ ಅರ್ಥದಲ್ಲಿ ಅವರು ಬರೆದರು. ಸಾವನ್ನೇ ಬಿಡುಗಡೆ ಅಂತ ತಂಗಿ ಹೇಳಬೇಕಾದ್ರೆ ಆ ಮದುವೆ ಎಂಥದ್ದು ಅಂತ ಯೋಚನೆ ಮಾಡಿ.

ಆ ಹೊತ್ತಿಗೆ ಮನೆಯಲ್ಲಿ ಸಾವು ಸಾಲುಗಟ್ಟಿತ್ತು. 1870ರ ದಶಕದ ಕ್ಷಾಮದಲ್ಲಿ ಪುರಾಣ ಕೇಳುವವರಿಲ್ಲ, ಕಾಣಿಕೆ ಇಲ್ಲ. ಬ್ರಾಹ್ಮಣರು ಕೂಲಿ ಮಾಡಬಾರದು, ಭಿಕ್ಷೆ ಕೇಳಲು ನಾಚಿಕೆ. ಇದ್ದಬದ್ದ ಹಣವನ್ನೆಲ್ಲ ಪುಣ್ಯ ಬರಲಿ ಅಂತ ದೇವಸ್ಥಾನಗಳಿಗೆ ಕೊಟ್ಟಾಗಿತ್ತು. ಎಲೆ, ಕಾಡುಹಣ್ಣು ತಿಂದರು. 1874ರಲ್ಲಿ ಅಪ್ಪ ಹೋದರು, ಕೆಲವೇ ವಾರಗಳಲ್ಲಿ ಅಮ್ಮ. ಅಮ್ಮನ ಹೆಣ ಹೊರಲು ನಾಲ್ಕು ಜನ ಸಿಗಲಿಲ್ಲ. ಇಬ್ಬರು ಬ್ರಾಹ್ಮಣರು ಮನಸ್ಸು ಮಾಡಿದರು, ಮೂರನೆಯವನು ಅಣ್ಣ, ನಾಲ್ಕನೆಯವಳು ರಮಾ. ಅವರು ಕುಳ್ಳಗಿದ್ದರು. ಹೆಗಲಿಗೆ ಎಟುಕದೆ ಚಟ್ಟವನ್ನು ತಲೆಯ ಮೇಲೆ ಇಟ್ಟುಕೊಂಡು ನಡೆದರು. ಹೆಂಗಸರು ಸ್ಮಶಾನಕ್ಕೇ ಹೋಗಬಾರದು ಅನ್ನುವ ಕಾಲ ಅದು.

ಆಮೇಲೆ ಅಣ್ಣ ತಂಗಿ ಇಬ್ಬರೇ ನಡೆದರು, ಸಾವಿರಾರು ಮೈಲಿ, ಕಾಶ್ಮೀರದವರೆಗೆ. ಹೊದೆಯಲು ಬಟ್ಟೆ ಇಲ್ಲದೆ ಝೀಲಂ ನದಿಯ ದಡದಲ್ಲಿ ಮರಳು ತೋಡಿ, ಗುಂಡಿಯಲ್ಲಿ ಮಲಗಿ, ಮೈಮೇಲೆ ಮರಳು ಎಳೆದುಕೊಂಡು ಚಳಿ ಕಳೆದರು. ಹೇಳಿದ ದೇವರಿಗೆಲ್ಲ ಪೂಜೆ ಮಾಡಿದರೂ ಏನೂ ಆಗಲಿಲ್ಲವಲ್ಲ ಅನ್ನೋ ಪ್ರಶ್ನೆ ಅವರ ತಲೆಯೊಳಗೆ ಹೊಕ್ಕಿದ್ದು ಈ ನಡಿಗೆಯಲ್ಲೇ.

ಅವರದೇ ಮದುವೆ

1878ರಲ್ಲಿ ಇಬ್ಬರೂ ಕಲ್ಕತ್ತಾ ಮುಟ್ಟಿದರು. ಇಪ್ಪತ್ತು ವರ್ಷದ, ಮದುವೆಯಾಗದ ಹುಡುಗಿಯೊಬ್ಬಳು ನಿರರ್ಗಳವಾಗಿ ಸಂಸ್ಕೃತ ಮಾತಾಡೋದನ್ನು ನೋಡಿ ಅಲ್ಲಿನ ಪಂಡಿತರು ದಂಗಾದರು. ಪರೀಕ್ಷೆ ಮಾಡಿ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. ರಾತ್ರೋರಾತ್ರಿ ಊರೂರಲ್ಲಿ ಹೆಸರು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿಯನ್ನೇ ಕೈಗಿಟ್ಟು ಓದು ಅಂದರು. ಧರ್ಮಶಾಸ್ತ್ರಗಳನ್ನು ಸ್ವತಃ ಓದತೊಡಗಿದ ಮೇಲೆ ಅವರಿಗೆ ಒಂದು ವಿಷಯ ಕಾಣಿಸಿತು: ಗ್ರಂಥಗಳು ಬೇರೆ ನೂರು ವಿಷಯಕ್ಕೆ ಜಗಳವಾಡುತ್ತವೆ, ಹೆಂಗಸನ್ನು ಕೀಳಾಗಿ ನೋಡುವುದರಲ್ಲಿ ಮಾತ್ರ ಒಮ್ಮತ.

1880ರಲ್ಲಿ ಅಣ್ಣ ಶ್ರೀನಿವಾಸ ಢಾಕಾದಲ್ಲಿ ತೀರಿಕೊಂಡ. ಅದೇ ವರ್ಷ ರಮಾಬಾಯಿ ತಾವೇ ಆರಿಸಿ ಬಿಪಿನ್ ಬಿಹಾರಿ ದಾಸ್ ಮೇಧಾವಿ ಅನ್ನೋ ಬಂಗಾಳಿ ವಕೀಲರನ್ನು ಮದುವೆಯಾದರು. ಅವರು ಶೂದ್ರ ಜಾತಿಯವರು. ಮದುವೆ ನಡೆದದ್ದು ರಿಜಿಸ್ಟ್ರಾರ್ ಮುಂದೆ, 1872ರ ಕಾಯಿದೆಯಡಿ. ಆ ಕಾಯಿದೆಯಲ್ಲಿ ಮದುವೆಯಾಗೋರು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ ಯಾವುದೂ ಅಲ್ಲ ಅಂತ ಬರೆದುಕೊಡಬೇಕಿತ್ತು. ಜಾತಿ ಬೇರೆ, ಭಾಷೆ ಬೇರೆ, ಪ್ರಾಂತ್ಯ ಬೇರೆ. ಎರಡೂ ಕಡೆಯವರು ಬಹಿಷ್ಕಾರ ಹಾಕಿದರು. ಅಸ್ಸಾಮಿನ ಸಿಲ್ಚಾರ್‌ನಲ್ಲಿ ಸಂಸಾರ ಹೂಡಿದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಮತ್ತೆ ಬಂತು, ಈ ಸಲ ಗಂಡನನ್ನು ಒಯ್ದಿತು. ಒಟ್ಟು ಸಂಸಾರ ಎರಡು ವರ್ಷವೂ ಆಗಿರಲಿಲ್ಲ.

ಇಪ್ಪತ್ಮೂರು ವರ್ಷದ ವಿಧವೆ, ಕೈಯಲ್ಲಿ ಕೂಸು, ತವರಿಲ್ಲ, ಅತ್ತೆಮನೆ ಇಲ್ಲ. ಆ ಕಾಲದಲ್ಲಿ ಬ್ರಾಹ್ಮಣ ವಿಧವೆ ಅಂದ್ರೆ ತಲೆ ಬೋಳಿಸಿ, ಒಪ್ಪತ್ತು ಊಟ ಹಾಕಿ, ಮೂಲೆಯಲ್ಲಿ ಕೂರಿಸುತ್ತಿದ್ದರು. ರಮಾಬಾಯಿ ಮೂಲೆಗೆ ಹೋಗುವ ಬದಲು ಪುಣೆಗೆ ಹೋದರು.

ಕೋಟು ಕೊಟ್ಟವರು ಗುಂಡಿ ಎಣಿಸಿದರು

ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು, ಸ್ತ್ರೀ ಧರ್ಮ ನೀತಿ ಅನ್ನೋ ಮರಾಠಿ ಪುಸ್ತಕ ಬರೆದರು. ಅದೇ 1882ರಲ್ಲಿ ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಶಿಕ್ಷಕಿಯರು ಬೇಕು, ಮಹಿಳಾ ಇನ್ಸ್‌ಪೆಕ್ಟರ್ ಬೇಕು, ಮೆಡಿಕಲ್ ಕಾಲೇಜಿಗೆ ಹೆಂಗಸರನ್ನು ಸೇರಿಸಬೇಕು ಅಂತ ಕೇಳಿದರು. ಗಂಡಸು ಡಾಕ್ಟರಿಗೆ ತೋರಿಸಿಕೊಳ್ಳಲು ನಾಚಿ ಸಾಯುವ ಹೆಂಗಸರನ್ನು ಅವರು ಕಣ್ಣಾರೆ ಕಂಡಿದ್ದರು. ತಾವೇ ಡಾಕ್ಟರಾಗಬೇಕು ಅಂತ, ಪುಸ್ತಕ ಮಾರಿದ ಹಣದಲ್ಲಿ ಟಿಕೆಟ್ ತೆಗೆದುಕೊಂಡು, 1883ರಲ್ಲಿ ಎರಡು ವರ್ಷದ ಮಗಳ ಜೊತೆ ಇಂಗ್ಲೆಂಡಿಗೆ ಹಡಗು ಹತ್ತಿದರು.

ಕಿವಿ ಸರಿಯಾಗಿ ಕೇಳಿಸದ ಕಾರಣ ಡಾಕ್ಟರ್ ಕನಸು ಅಲ್ಲೇ ಮುರಿಯಿತು. ವಾಂಟೇಜ್ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಉಳಿದುಕೊಂಡರು, ಬದಲಿಗೆ ಭಾರತಕ್ಕೆ ಹೊರಡುವ ಸಿಸ್ಟರ್‌ಗಳಿಗೆ ಮರಾಠಿ ಕಲಿಸಿದರು. ಆ ದಿನಗಳಲ್ಲೇ ಜೊತೆಗೆ ಬಂದಿದ್ದ ಗೆಳತಿ ತನ್ನ ಜೀವ ತಾನೇ ಕಳೆದುಕೊಂಡಳು. 1883ರ ಸೆಪ್ಟೆಂಬರ್ 29ರಂದು ರಮಾಬಾಯಿ ಕ್ರೈಸ್ತ ಧರ್ಮಕ್ಕೆ ಸೇರಿದರು. ಇಲ್ಲಿ ದೊಡ್ಡ ಗದ್ದಲವೆದ್ದಿತು. ಪುಣೆಯವರಿಗೆ ಇದು ದ್ರೋಹ. ಮಿಷನರಿಗಳಿಗೆ ದೊಡ್ಡ ಗೆಲುವು.

ಆದ್ರೆ ಗೆಲುವು ಅಂದುಕೊಂಡವರಿಗೆ ಬೇಗ ತಲೆನೋವು ಶುರುವಾಯಿತು. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಓದುತ್ತಾ ಸಂಸ್ಕೃತ ಕಲಿಸುತ್ತಿದ್ದ ಅವರು ಗಂಡಸರಿಗೆ ಪಾಠ ಹೇಳಬಾರದು ಅಂತ ಬಿಷಪ್‌ಗಳು ಆಕ್ಷೇಪ ಎತ್ತಿದರು. ಗಂಡಸರ ಸಭೆಯಲ್ಲಿ ಪುರಾಣ ಹೇಳಿ ಬೆಳೆದವರಿಗೆ ಇದೆಂಥ ಹೊಸ ನಿಯಮ? ರಮಾಬಾಯಿ ಒಪ್ಪಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಿರಬಾರದು ಅಂತ ಕೇಳಿದರು. ಮಾಂಸ ಮುಟ್ಟಲಿಲ್ಲ. ಚರ್ಚಿನ ಸಿದ್ಧಾಂತಗಳನ್ನು ಒಂದೊಂದಾಗಿ ಹಿಡಿದು ಪ್ರಶ್ನೆ ಮಾಡಿದರು. ಮಠದ ಸಿಸ್ಟರ್ ಜೆರಾಲ್ಡಿನ್‌ಗೆ ಇದು ಅಹಂಕಾರವಾಗಿ ಕಂಡಿತು. ಮಗಳನ್ನು ಹೇಗೆ ಬೆಳೆಸಬೇಕು ಅನ್ನುವುದಕ್ಕೂ ಇಬ್ಬರಿಗೂ ಜಗಳ. ಒಂದು ಪುರೋಹಿತಶಾಹಿಯಿಂದ ತಪ್ಪಿಸಿಕೊಂಡು ಬಂದದ್ದು ಇನ್ನೊಂದಕ್ಕೆ ಕೊರಳು ಕೊಡಲು ಅಲ್ಲ ಅನ್ನೋದು ಅವರ ನಿಲುವು.

ಫಿಲಡೆಲ್ಫಿಯಾದಲ್ಲಿ

1886ರ ಮಾರ್ಚ್‌ನಲ್ಲಿ ಅವರು ಅಮೆರಿಕದ ಫಿಲಡೆಲ್ಫಿಯಾಕ್ಕೆ ಬಂದರು. ದೂರದ ಸಂಬಂಧಿ ಆನಂದಿಬಾಯಿ ಜೋಶಿ ಅಲ್ಲಿನ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಮಾರ್ಚ್ 11ರಂದು ಎಂ.ಡಿ. ಪದವಿ ಪಡೆದಾಗ ಸಭೆಯಲ್ಲಿ ರಮಾಬಾಯಿ ಕೂತಿದ್ದರು. 1850ರಲ್ಲಿ ಆ ಕಾಲೇಜು ಶುರುವಾಗಲು ಮುಖ್ಯ ಕಾರಣ ಕ್ವೇಕರ್ ಪಂಥದವರು. ಪಾದ್ರಿ ಇಲ್ಲದ, ಹೆಂಗಸರೂ ಎದ್ದು ಮಾತಾಡಬಹುದಾದ ಕ್ರೈಸ್ತ ಪಂಥ ಅದು.

ಅದೇ ಪೆನ್ಸಿಲ್ವೇನಿಯಾದಲ್ಲಿ ನೂರೈವತ್ತು ವರ್ಷ ಹಿಂದೆ ಎಲಿಜಬೆತ್ ಆಶ್‌ಬ್ರಿಡ್ಜ್ ಅನ್ನೋ ಹೆಂಗಸು ಕ್ವೇಕರ್ ಆಗಿದ್ದಳು. ಹದಿನಾಲ್ಕಕ್ಕೆ ಮನೆ ಬಿಟ್ಟು ಓಡಿ ಮದುವೆಯಾಗಿ, ಕೆಲವೇ ತಿಂಗಳಲ್ಲಿ ವಿಧವೆಯಾಗಿ, 1732ರಲ್ಲಿ ಅಮೆರಿಕಕ್ಕೆ ಬಂದು ಜೀತದಾಳಾದವಳು. ಅವಳ ಕುಣಿತಕ್ಕೆ ಮರುಳಾಗಿ ಮದುವೆಯಾದ ಎರಡನೇ ಗಂಡ, ಅವಳು ಕ್ವೇಕರ್ ಸಭೆಗೆ ಹೋಗತೊಡಗಿದಾಗ ಹಿಂಸೆ ಕೊಟ್ಟ. ಅವಳು ಬಿಡಲಿಲ್ಲ. ಕೊನೆಗೆ ಊರೂರು ತಿರುಗಿ ಮಾತಾಡುವ ಪ್ರಚಾರಕಿಯಾದಳು, ತನ್ನ ಕಥೆ ತಾನೇ ಬರೆದಳು. ಸಮುದ್ರದ ಆಚೆ ಈಚೆ, ಬೇರೆ ಬೇರೆ ಶತಮಾನ. ಆದ್ರೆ ಇಬ್ಬರ ಜಗಳವೂ ಒಂದೇ: ನನ್ನ ಮನಸ್ಸಾಕ್ಷಿ ಗಂಡನದೂ ಅಲ್ಲ, ಊರಿನದೂ ಅಲ್ಲ.

ಫಿಲಡೆಲ್ಫಿಯಾದಲ್ಲೇ ರಮಾಬಾಯಿ ಇಂಗ್ಲಿಷ್‌ನಲ್ಲಿ ಮೇಲ್ಜಾತಿಯ ಹಿಂದೂ ಹೆಣ್ಣಿನ ಬದುಕಿನ ಮೇಲೆ ಪುಸ್ತಕ ಬರೆದು 1887ರಲ್ಲಿ ಪ್ರಕಟಿಸಿದರು. ಅಮ್ಮನ ಮದುವೆ, ಅಕ್ಕನ ಕೇಸು ಅದರಲ್ಲಿ ಬಂದವು. ಮುಂಬೈಯಲ್ಲಿ ಆಗ ನಡೆಯುತ್ತಿದ್ದ ರಖ್ಮಾಬಾಯಿ ಕೇಸನ್ನೂ ಸೇರಿಸಿದರು. ಬಾಲ್ಯದಲ್ಲಿ ಕಟ್ಟಿದ ಗಂಡನ ಜೊತೆ ಹೋಗಲ್ಲ ಅಂದ ರಖ್ಮಾಬಾಯಿಗೆ 1887ರಲ್ಲಿ ಕೋರ್ಟು ಹೋಗು, ಇಲ್ಲವೇ ಜೈಲಿಗೆ ನಡಿ ಅಂದಿತ್ತು. ಹೆಣ್ಣಿಗೆ ರಾಣಿಯ ಸರ್ಕಾರದಲ್ಲಿ ನ್ಯಾಯ ಸಿಗುತ್ತೆ ಅಂತ ಯಾರೂ ಭ್ರಮೆ ಇಟ್ಟುಕೊಳ್ಳಬೇಡಿ ಅನ್ನುವ ರೀತಿ ರಮಾಬಾಯಿ ಬರೆದರು. ಅಕ್ಕನಿಗೆ ಆದದ್ದನ್ನು ನೋಡಿದವರಿಗೆ ಭ್ರಮೆ ಎಲ್ಲಿಂದ ಬರಬೇಕು?

ಸದನ, ಜಗಳ, ಮುಕ್ತಿ

ಅಮೆರಿಕದ ಊರೂರು ತಿರುಗಿ ಭಾಷಣ ಮಾಡಿದರು. ಬಾಸ್ಟನ್ನಿನಲ್ಲಿ ಶುರುವಾದ ರಮಾಬಾಯಿ ಅಸೋಸಿಯೇಷನ್ ಹತ್ತು ವರ್ಷ ಹಣ ಕೊಡಲು ಒಪ್ಪಿತು. 1889ರ ಮಾರ್ಚ್ 11ರಂದು ಮುಂಬೈನ ಚೌಪಾಟಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದರು. ಆನಂದಿಬಾಯಿಗೆ ಪದವಿ ಸಿಕ್ಕಿದ್ದೂ ಮಾರ್ಚ್ 11ಕ್ಕೇ. ಆದರೆ ಅಷ್ಟರಲ್ಲಿ ಆ ಹುಡುಗಿ ಇರಲಿಲ್ಲ, 1887ರಲ್ಲೇ ತೀರಿಕೊಂಡಿದ್ದರು. ಸದನದ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ. ಮುಂದೆ ಧೋಂಡೊ ಕೇಶವ ಕರ್ವೆಯವರನ್ನು 1893ರಲ್ಲಿ ಮರುಮದುವೆಯಾದವರು ಇವರೇ.

ಸದನ ಪುಣೆಗೆ ಬಂದ ಮೇಲೆ ಜಗಳ ಹತ್ತಿಕೊಂಡಿತು. ಧರ್ಮದ ವಿಷಯದಲ್ಲಿ ತಟಸ್ಥವಾಗಿರುತ್ತೇವೆ ಅಂತ ಮಾತು ಕೊಟ್ಟಿದ್ದರು. ರಮಾಬಾಯಿ ತಮ್ಮ ಪ್ರಾರ್ಥನೆಯನ್ನು ಬಾಗಿಲು ತೆರೆದಿಟ್ಟೇ ಮಾಡುತ್ತಿದ್ದರು, ಹುಡುಗಿಯರು ಬಂದು ಕೂರುತ್ತಿದ್ದರು. ಟಿಳಕರ ಕೇಸರಿ ಪತ್ರಿಕೆ ಹರಿಹಾಯ್ದಿತು. 1893ರಲ್ಲಿ ರಾನಡೆ, ಭಂಡಾರ್ಕರ್‌ರಂಥ ಬೆಂಬಲಿಗರೇ ಸಲಹಾ ಸಮಿತಿ ಬಿಟ್ಟರು, ಹಲವು ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಇಲ್ಲಿ ಯಾರದು ಸರಿ? ತಾಯಿಯಂತೆ ಕಾಣುವವರು ದಿನಾ ಪ್ರಾರ್ಥನೆ ಮಾಡುವಾಗ ಅನಾಥ ಹುಡುಗಿಯರ ಮೇಲೆ ಪ್ರಭಾವ ಆಗಲ್ಲ ಅನ್ನೋಕಾಗಲ್ಲ, ಆ ಆಕ್ಷೇಪದಲ್ಲಿ ಹುರುಳಿತ್ತು. ಆದ್ರೆ ಕೂಗಾಡಿದವರಲ್ಲಿ ಎಷ್ಟು ಮಂದಿ ತಮ್ಮ ಮನೆಯ ಬೋಳುತಲೆಯ ಹುಡುಗಿಗೆ ಸ್ಲೇಟು ಕೊಡಿಸಿದ್ದರು? ಎರಡೂ ಪ್ರಶ್ನೆಯನ್ನು ಒಟ್ಟಿಗೇ ಇಟ್ಟುಕೊಂಡು ಓದಬೇಕಾದ ಬದುಕು ಇದು.

1896-97ರ ಕ್ಷಾಮ ಅವರ ಹಳೆಯ ಗಾಯ ಕೆದಕಿತು. ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹಸಿದ ಹುಡುಗಿಯರನ್ನು ಕರೆತಂದರು. ಅದೇ ವರ್ಷ ಪ್ಲೇಗ್ ಬಂದಾಗ, ಪುಣೆಯ ಸರ್ಕಾರಿ ಪ್ಲೇಗ್ ವ್ಯವಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಇಲ್ಲ ಅಂತ ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ವಿಷಯ ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ಕ್ರೈಸ್ತರಾದ ಮಾತ್ರಕ್ಕೆ ಸರ್ಕಾರದ ಬಾಲ ಹಿಡಿದವರಲ್ಲ.

ಪುಣೆ-ಸೊಲ್ಲಾಪುರ ರೈಲು ದಾರಿಯ ಕೇಡಗಾಂವ್‌ನಲ್ಲಿ ನೂರು ಎಕರೆಯಷ್ಟು ಜಮೀನು ಕೊಂಡು ಮುಕ್ತಿ ಆಶ್ರಮ ಕಟ್ಟಿದರು. 1900ರ ಕ್ಷಾಮದ ನಂತರ ಅಲ್ಲಿ ಸುಮಾರು ಎರಡು ಸಾವಿರ ಹೆಂಗಸರು, ಮಕ್ಕಳಿದ್ದರು. ನಮ್ಮ ಬ್ರಾಂಚಿನವರಿಗೆ ಇಷ್ಟವಾಗುವ ಭಾಗ ಇದು: ಬಾವಿ ತೋಡಿಸಿದರು, ವ್ಯವಸಾಯ, ಹೈನು, ಮಗ್ಗ, ಎಣ್ಣೆ ಗಾಣ ಶುರು ಮಾಡಿದರು. ಕುರುಡು ಹುಡುಗಿಯರಿಗೆ ಬ್ರೈಲ್ ಕಲಿಸಿದರು. ಪ್ರೆಸ್ ಹಾಕಿ ಅಚ್ಚುಮೊಳೆ ಜೋಡಿಸುವುದರಿಂದ ಪುಸ್ತಕ ಕಟ್ಟುವವರೆಗೆ ಹೆಂಗಸರೇ ಮಾಡುವಂತೆ ತಯಾರು ಮಾಡಿದರು. ಕ್ರಮೇಣ ಆಶ್ರಮ ಪೂರ್ತಿ ಕ್ರೈಸ್ತ ಧಾರ್ಮಿಕ ಸಂಸ್ಥೆಯಾಯಿತು. ಹಳೆಯ ಸುಧಾರಕ ಗೆಳೆಯರಿಂದ ಅವರು ದೂರವಾದರು. ಆದ್ರೆ ಯಾವ ಮಿಷನ್ನಿನ ಕೈಕೆಳಗೂ ಹೋಗಲಿಲ್ಲ.

ಕೊನೆಯ ಹದಿನೆಂಟು ವರ್ಷ ಬೈಬಲನ್ನು ಸರಳ ಮರಾಠಿಗೆ ತರಲು ಕೂತರು. ಇಂಗ್ಲಿಷಿನಿಂದ ಮಾಡಿದ್ರೆ ಬೇಗ ಆಗ್ತಿತ್ತು. ಹಾಗೆ ಮಾಡದೆ ಹೀಬ್ರೂ, ಗ್ರೀಕ್ ಕಲಿತು ಮೂಲದಿಂದಲೇ ಅನುವಾದಿಸಿದರು. ಅಪ್ಪನ ಮಗಳಲ್ವಾ? ಮೂಲಗ್ರಂಥ ನೋಡದೆ ವಾದಕ್ಕಿಳಿಯಬಾರದು ಅನ್ನೋದು ಉಡುಪಿ ಸಭೆಯ ಪಾಠ.

ಮಗಳು ಮನೋರಮಾ ತಾಯಿಯ ಬಲಗೈಯಾಗಿದ್ದರು. ಕಲಬುರಗಿಯಲ್ಲಿ ಶಾಲೆ ಶುರು ಮಾಡಿದ್ದೂ ಈ ತಾಯಿ ಮಗಳ ಕೆಲಸವೇ. ಹುಟ್ಟಿದ ನಾಡಿಗೆ ರಮಾಬಾಯಿ ತಿರುಗಿ ಕೊಟ್ಟದ್ದು ಅದು. 1921ರಲ್ಲಿ ಮನೋರಮಾ ತೀರಿಕೊಂಡರು. ಅನುವಾದದ ಕೆಲಸ ಮುಗಿಸಿ 1922ರ ಏಪ್ರಿಲ್ 5ರಂದು ರಮಾಬಾಯಿಯೂ ಹೋದರು. ಅರವತ್ನಾಲ್ಕಕ್ಕೆ ಹದಿನೆಂಟು ದಿನ ಬಾಕಿ ಇತ್ತು.

ಮುಕ್ತಿ ಆಶ್ರಮ ಈಗಲೂ ಇದೆ. ಬೆಂಗಳೂರಿಂದ ಮುಂಬೈಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಇಂಟರ್ನ್‌ಶಿಪ್‌ಗೆ ಹೋಗುವವರು ದೌಂಡ್ ದಾಟಿದ ಮೇಲೆ ಕಿಟಕಿಯಾಚೆ ನೋಡಿ, ಕೇಡಗಾಂವ್ ಅನ್ನೋ ಬೋರ್ಡು ಹಾದು ಹೋಗುತ್ತೆ. ಇತ್ತ ಗಂಗಾಮೂಲದಲ್ಲಿ ಹುಟ್ಟಿದ ಭದ್ರಾ ತರೀಕೆರೆಯ ಲಕ್ಕವಳ್ಳಿ ಡ್ಯಾಮಿಗೆ ಬಂದು ನಿಲ್ಲುತ್ತಾಳೆ. ಅಲ್ಲಿಂದ ಅಜ್ಜಂಪುರದ ಸುರಂಗ ಕೊರೆದು ಬಯಲುಸೀಮೆಗೆ ನೀರು ತರುವ ಯೋಜನೆಯ ಬಗ್ಗೆ ಸಿವಿಲ್‌ನವರು ಸೆಮಿನಾರ್ ಕೊಟ್ಟಿದ್ದನ್ನು ಕೇಳಿದ್ದೀವಿ. ಅದೇ ಕಾಡಿನಿಂದ ಬುಟ್ಟಿಯಲ್ಲಿ ಹೊರಟ ಮಗುವಿಗೆ ಯಾರೂ ದಾರಿ ಕೊರೆದುಕೊಡಲಿಲ್ಲ. ಮುಂದಿನ ಸಲ ಯಾರಾದ್ರೂ ನಿಮ್ಮ ಜಿಲ್ಲೆಯಲ್ಲಿ ಏನಿದೆ ಅಂತ ಕೇಳಿದ್ರೆ, ಕಾಫಿ ಜೊತೆಗೆ ಈ ಹೆಸರನ್ನೂ ಹೇಳೋಣ ಅಂತಿದ್ದೀನಿ.